ಏಳು ರೂಪಾಯಿ ಪಗಾರದ ಮಾಸ್ತರ: ಆಲಮಟ್ಟಿಯ ಹರ್ಡೇಕರ ಮಂಜಪ್ಪ

ಇಸವಿ 1903. ಬನವಾಸಿಯ ಬಡ ಕುಟುಂಬವೊಂದರ ಹದಿನೇಳು ವರ್ಷದ ತರುಣನೊಬ್ಬ ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಶಿರಸಿಯಲ್ಲಿ ಕನ್ನಡ ಶಾಲೆಯ ಮಾಸ್ತರನಾಗಿ ಸೇರಿಕೊಂಡ. ತಿಂಗಳ ಪಗಾರ ಏಳು ರೂಪಾಯಿ. ಮೂರು ವರ್ಷಗಳ ತರುವಾಯ ಆತ ಆ ನೌಕರಿಗೆ ರಾಜೀನಾಮೆ ಸಲ್ಲಿಸಿದ. ಅನಂತರ ನಲವತ್ತು ವರ್ಷ ಬದುಕಿದ ಆತ ಸರಕಾರದ ಸಂಬಳದ ಕಡೆಗೆ ಮತ್ತೆ ಮುಖ ಮಾಡಲಿಲ್ಲ. ಆದರೆ ಕಲಿಸುವ ಕೆಲಸವನ್ನು ಬಿಡಲಿಲ್ಲ. ಬಾಳಿನ ಕೊನೆಯ ಎರಡು ದಶಕಗಳನ್ನು ಅಂದಿನ ವಿಜಾಪುರ ಜಿಲ್ಲೆಯ ಬಸವನ ಬಾಗೇವಾಡಿ ತಾಲ್ಲೂಕಿನ ಆಲಮಟ್ಟಿಯಲ್ಲಿ, ಕೃಷ್ಣೆಯ ದಂಡೆಯ ಮೇಲೆ ತಾನೇ ಕಟ್ಟಿದ ವಿದ್ಯಾಲಯದಲ್ಲಿ ಕಳೆದ. ಕರ್ನಾಟಕದ ಗಾಂಧಿ ಎಂದು ನಾಡು ಕರೆದ ಹರ್ಡೇಕರ ಮಂಜಪ್ಪನವರು ಇವರೇ.

ಹೆಸರಿನ ಸಾಮ್ಯದಿಂದ ಇಂದಿಗೂ ಅನೇಕರು ಇವರನ್ನು ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ ಅವರೊಂದಿಗೆ ಗೊಂದಲ ಮಾಡಿಕೊಳ್ಳುವುದುಂಟು. ಹರ್ಡೀಕರರು ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿದ ವೈದ್ಯರು. ಮಂಜಪ್ಪನವರು ಮುಲ್ಕಿಯಿಂದಾಚೆಗೆ ಓದದ ಶಾಲಾ ಮಾಸ್ತರರು. ಇಬ್ಬರೂ ಗಾಂಧೀಯುಗದವರೇ ಆದರೂ ಹಾದಿಗಳು ಬೇರೆ.

ಮಂಜಪ್ಪನವರು ಹುಟ್ಟಿದ್ದು 1886ರ ಫೆಬ್ರುವರಿ 18ರಂದು. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ಮುಲ್ಕಿ ಎಂದರೆ ಏಳನೆಯ ಇಯತ್ತೆಯ ಕೊನೆಯ ಪರೀಕ್ಷೆ. ಅದನ್ನು ದಾಟಿದವನಿಗೆ ತಲಾಠಿ, ಕಾರಕೂನ ಇಲ್ಲವೆ ಶಾಲಾ ಮಾಸ್ತರನಾಗುವ ದಾರಿ ತೆರೆಯುತ್ತಿತ್ತು. ಇಂಗ್ಲಿಷ್ ಶಾಲೆಗೆ ಹೋಗಲು ಹಣವಿಲ್ಲದ ಬಡವರ ಮನೆಯ ಜಾಣ ಹುಡುಗರಿಗೆ ಅದೇ ಕೊನೆಯ ಮೆಟ್ಟಿಲು. ಆ ಮೂರು ಕೆಲಸಗಳಲ್ಲಿ ಮಾಸ್ತರಿಕೆಯೇ ಬಡವಾದದ್ದು. ತಲಾಠಿಗೆ ಹೊಲದ ಲೆಕ್ಕವಿತ್ತು, ಕಾರಕೂನನಿಗೆ ಕಚೇರಿಯ ಮೇಜಿತ್ತು. ಇಬ್ಬರ ಕೈಯಲ್ಲಿಯೂ ಊರಿನವರಿಗೆ ಬೇಕಾದ ಏನಾದರೊಂದು ಇರುತ್ತಿತ್ತು. ಮಾಸ್ತರನ ಕೈಯಲ್ಲಿದ್ದುದು ಖಡು ಮತ್ತು ಬೆತ್ತ ಮಾತ್ರ. ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ತರಬೇತಿ ಪಡೆದು ಬಂದವರಿಗೆ ತುಸು ಹೆಚ್ಚಿನ ಸಂಬಳದ ದರ್ಜೆ ಸಿಗುತ್ತಿತ್ತು. ತರಬೇತಿಯಿಲ್ಲದ ಹೊಸಬ ಕೆಳಗಿನ ಮೆಟ್ಟಿಲಲ್ಲಿಯೇ ನಿಲ್ಲಬೇಕಾಗಿತ್ತು. ಏಳು ರೂಪಾಯಿ ಎಂಬುದು ಆ ಕೆಳಗಿನ ಮೆಟ್ಟಿಲಿನ ಹೆಸರು.

ಅಂದಿನ ಮಾಸ್ತರನಿಗೆ ತನ್ನ ಸಂಬಳದ ಕುರಿತು ಮಾತನಾಡುವ ಯಾವ ಮಾರ್ಗವೂ ಇರಲಿಲ್ಲ. ಬಿನ್ನಹದ ಅರ್ಜಿ ಬರೆಯಬಹುದಾಗಿತ್ತು, ದೀಪೋಟಿ ಸಾಹೇಬರು ಶಾಲೆಯ ತಪಾಸಣೆಗೆ ಬಂದಾಗ ಕೈಕಟ್ಟಿ ನಿಲ್ಲಬಹುದಾಗಿತ್ತು. ತಪಾಸಣೆಯ ದಿನ ಹುಡುಗರು ಮಗ್ಗಿ ತಪ್ಪಿದರೆ ಮಾಸ್ತರನ ಬಡ್ತಿಯೂ ತಪ್ಪುವ ಭಯ. ನೌಕರರು ಒಟ್ಟಾಗಿ ಸೇರಿ ಧಣಿಯೊಂದಿಗೆ ಚೌಕಾಸಿ ಮಾಡಬಹುದೆಂಬ ಕಲ್ಪನೆ ಮುಂಬಯಿಯ ಗಿರಣಿಗಳಲ್ಲಿ ಆಗಷ್ಟೇ ಕಣ್ಣು ಬಿಡುತ್ತಿತ್ತು. ಶಾಲೆಯ ಪಡಸಾಲೆಯವರೆಗೆ ಅದು ಬಂದಿರಲಿಲ್ಲ. ಗೋಪಾಲಕೃಷ್ಣ ಗೋಖಲೆಯವರು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಕೇಂದ್ರ ಶಾಸನಸಭೆಯ ಮುಂದಿಟ್ಟದ್ದು 1911ರಲ್ಲಿ, ಅದು ಬಿದ್ದುಹೋದದ್ದು 1912ರಲ್ಲಿ. ಹಳ್ಳಿಗೊಂದು ಶಾಲೆ ಬೇಕೋ ಬೇಡವೋ ಎಂಬುದೇ ತೀರ್ಮಾನವಾಗದ ಕಾಲದಲ್ಲಿ ಆ ಶಾಲೆಯ ಮಾಸ್ತರನ ಹೊಟ್ಟೆಯ ವಿಚಾರ ಕೇಳುವವರಾರು?

ಮಂಜಪ್ಪನವರು ರಾಜೀನಾಮೆ ಕೊಟ್ಟದ್ದು ಮಾತ್ರ ಸಂಬಳ ಸಾಲದೆಂದಲ್ಲ. 1905ರಲ್ಲಿ ವಂಗಭಂಗವಾಯಿತು. ಸ್ವದೇಶಿಯ ಗಾಳಿ ಪುಣೆಯಿಂದ ಹೊರಟು ಬೆಳಗಾವಿ, ಧಾರವಾಡ ದಾಟಿ ಮಲೆನಾಡಿನ ಅಂಚಿನ ಶಿರಸಿಯವರೆಗೂ ಬೀಸಿತು. ಟಿಳಕರ ಕೇಸರಿ ಪತ್ರಿಕೆಯ ಮಾತುಗಳು ಮರಾಠಿ ಬಲ್ಲ ತರುಣ ಮಾಸ್ತರರ ಮನಸ್ಸನ್ನು ಕಲಕಿದವು. ಸ್ವದೇಶಿಯ ವ್ರತ ತೊಟ್ಟವನು ಸರಕಾರದ ಶಾಲೆಯಲ್ಲಿ ಕುಳಿತು ಸರಕಾರದ ಪಾಠವನ್ನೇ ಒಪ್ಪಿಸುತ್ತಿರುವುದು ಹೇಗೆ ಎಂಬ ಪ್ರಶ್ನೆ ಇಪ್ಪತ್ತರ ಮಂಜಪ್ಪನವರಿಗೆ ತಡೆಯಲಾರದ್ದಾಯಿತು. ಆ ಏಳು ರೂಪಾಯಿಯಲ್ಲಿ ಮಾಸ್ತರನ ದುಡಿಮೆಯ ಬೆಲೆಯಷ್ಟೇ ಅಲ್ಲ, ಆತನ ಮೌನದ ಬೆಲೆಯೂ ಸೇರಿದೆ ಎಂಬುದನ್ನು ಅವರು ಬೇಗನೆ ಅರಿತರು. 1906ರಲ್ಲಿ ಹೊರಬಂದರು. ಮರುವರ್ಷವೇ, 1907ರಲ್ಲಿ, ಭಾರತ ಸರಕಾರದ ಗೃಹ ಕಾರ್ಯದರ್ಶಿ ರಿಸ್ಲಿ ಸಾಹೇಬರ ಸುತ್ತೋಲೆ ಹೊರಬಿದ್ದು, ಶಾಲೆ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ರಾಜಕೀಯ ಚಟುವಟಿಕೆಯಿಂದ ದೂರವಿರಬೇಕೆಂಬ ಕಟ್ಟಪ್ಪಣೆಯಾಯಿತು. ಮಂಜಪ್ಪನವರು ನಿಂತಿದ್ದರೂ ಬಹಳ ದಿನ ನಿಲ್ಲುತ್ತಿರಲಿಲ್ಲ.

ಶಿರಸಿಯಿಂದ ಅವರು ಹೋದದ್ದು ದಾವಣಗೆರೆಗೆ. ಆಗ ಅದು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯ ಊರು. ಬ್ರಿಟಿಷರ ನೇರ ಆಳ್ವಿಕೆಯಿಂದ ಒಂದು ಹೆಜ್ಜೆ ಆಚೆ. 1906ರ ಸೆಪ್ಟೆಂಬರಿನಲ್ಲಿ ಧನುರ್ಧಾರಿ ಎಂಬ ವಾರಪತ್ರಿಕೆ ಆರಂಭವಾಯಿತು. ಟಿಳಕರ ವಿಚಾರಗಳನ್ನು ಕನ್ನಡದ ಓದುಗನಿಗೆ ಮುಟ್ಟಿಸಿದ ಆರಂಭದ ಪತ್ರಿಕೆಗಳಲ್ಲಿ ಇದೂ ಒಂದು. 1908ರಲ್ಲಿ ಮೈಸೂರು ಸರಕಾರವು ಪತ್ರಿಕೆಗಳಿಗೆ ಮೂಗುದಾರ ಹಾಕುವ ಕಾಯ್ದೆಯನ್ನು ತಂದಿತು. ಸಂಸ್ಥಾನದ ಹಲವು ಪತ್ರಿಕೆಗಳು ಕಣ್ಣು ಮುಚ್ಚಿದವು. ಬ್ರಿಟಿಷ್ ಸೀಮೆಯಾಗಲಿ ಅರಸರ ಸೀಮೆಯಾಗಲಿ, ಬರೆಯುವವನ ಕೈಗೆ ಬೀಳುವ ಹಗ್ಗ ಒಂದೇ ಎಂಬುದು ಅಲ್ಲಿ ಅನುಭವಕ್ಕೆ ಬಂತು. ಆಲೂರ ವೆಂಕಟರಾಯರು ಧಾರವಾಡದಲ್ಲಿ ರಾಷ್ಟ್ರೀಯ ಶಾಲೆಯ ಸಾಹಸಕ್ಕೆ ಇಳಿದದ್ದೂ ಇದೇ ಕಾಲದಲ್ಲಿಯೇ.

ದಾವಣಗೆರೆಯ ವರ್ಷಗಳಲ್ಲಿ ಮಂಜಪ್ಪನವರು ಆಜೀವ ಬ್ರಹ್ಮಚರ್ಯದ ವ್ರತ ತೊಟ್ಟರು. ಭಜನಾ ಸಂಘ ಕಟ್ಟಿದರು. 1913ರಲ್ಲಿ ಮೃತ್ಯುಂಜಯ ಸ್ವಾಮಿಗಳ ಬೆಂಬಲದೊಂದಿಗೆ ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿ ಆಚರಿಸಿದರು. ಟಿಳಕರು ಮಹಾರಾಷ್ಟ್ರದಲ್ಲಿ ಗಣೇಶ ಚತುರ್ಥಿಯನ್ನು ಮನೆಯಿಂದ ಬೀದಿಗೆ ತಂದಂತೆ ಇಲ್ಲಿ ಬಸವಣ್ಣನವರು ಮಠದಿಂದ ಬೀದಿಗೆ ಬಂದರು. ಇಂದು ಸರಕಾರಿ ರಜೆಯೊಂದಿಗೆ ನಡೆಯುವ ಬಸವ ಜಯಂತಿಯ ಮೂಲದಲ್ಲಿ ನೌಕರಿ ಬಿಟ್ಟ ಮಾಸ್ತರನೊಬ್ಬನಿದ್ದಾನೆ ಎಂಬುದು ಅನೇಕರಿಗೆ ತಿಳಿಯದ ಸಂಗತಿ. ಬಸವಣ್ಣನವರಲ್ಲಿ ಮಂಜಪ್ಪನವರನ್ನು ಹಿಡಿದು ನಿಲ್ಲಿಸಿದ್ದು ಕಾಯಕದ ತತ್ವ. ಗಾಂಧೀಜಿಯವರ ಚರಕವನ್ನು ಅವರು ಆ ಕಾಯಕದ ಕಣ್ಣಿನಿಂದಲೇ ಕಂಡರು. ಸಾಬರಮತಿಯ ಮಾದರಿಯಲ್ಲಿ ಹರಿಹರದ ಬಳಿ ತುಂಗಭದ್ರೆಯ ತಡಿಯಲ್ಲಿ ಸತ್ಯಾಗ್ರಹಾಶ್ರಮ ತೆರೆದರು; ಖಾದಿ ಪ್ರಚಾರಕ್ಕೆಂದೇ ಖಾದಿ ವಿಜಯ ಎಂಬ ಪತ್ರಿಕೆಯನ್ನು ನಡೆಸಿದರು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ ನಡೆಯುವ ಹೊತ್ತಿಗೆ ಉತ್ತರ ಕರ್ನಾಟಕದ ಕಾರ್ಯಕರ್ತರಲ್ಲಿ ಮಂಜಪ್ಪನವರ ಹೆಸರು ಚಿರಪರಿಚಿತವಾಗಿತ್ತು.

1927ರಲ್ಲಿ ಅವರು ಆಲಮಟ್ಟಿಗೆ ಬಂದರು. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ತಾಲ್ಲೂಕು ಅದು. ಅವರು ಐಕ್ಯರಾದ ಕೂಡಲ ಸಂಗಮ ಹೊಳೆಯ ಕೆಳದಂಡೆಗೆ ಹತ್ತಿರದಲ್ಲಿಯೇ. ಊರಿಗೆ ಗದಗ–ಹೊಟಗಿ ರೈಲುದಾರಿಯ ನಿಲ್ದಾಣವಿತ್ತು. ಇವೆಲ್ಲ ಅನುಕೂಲಗಳೇ. ಆದರೆ ಸೀಮೆಯನ್ನು ನೋಡಿದರೆ ಶಾಲೆ ಕಟ್ಟುವವನ ಎದೆ ನಡುಗಬೇಕು. ಉತ್ತರಕ್ಕೆ ಭೀಮೆಯ ದಂಡೆಯ ಇಂಡಿ, ಸಿಂದಗಿ. ದಕ್ಷಿಣಕ್ಕೆ ಕೃಷ್ಣೆಯ ದಂಡೆಯ ಬಾಗೇವಾಡಿ, ಮುದ್ದೇಬಿಹಾಳ. ನಡುವೆ ಡೋಣಿಯ ಎರೆಹೊಲ. ಎರಡು ದೊಡ್ಡ ನದಿಗಳು ಮೈ ಸವರಿ ಹರಿದರೂ ನೀರು ಹೊಲಕ್ಕೆ ಹತ್ತದ ನಾಡು. ಮಳೆ ಬಂದರೆ ಬಿಳಿಜೋಳ, ಬಾರದಿದ್ದರೆ ಗುಳೆ. 1876ರಿಂದ 1878ರವರೆಗಿನ ಬರ ಈ ಭಾಗದ ಹಳ್ಳಿಗಳನ್ನು ಬರಿದು ಮಾಡಿದ್ದನ್ನು ಕಂಡ ಮುದುಕರು ಮಂಜಪ್ಪನವರು ಬಂದಾಗ ಇನ್ನೂ ಬದುಕಿದ್ದರು. ಮಗನನ್ನು ಶಾಲೆಗೆ ಕಳಿಸಿದರೆ ದನ ಕಾಯುವವರಾರು ಎಂದು ಕೇಳುವ ತಂದೆಯ ಮುಂದೆ ಯಾವ ಆದರ್ಶವೂ ಬೇಗ ಬೇರೂರುವುದಿಲ್ಲ.

ಮುಂಬಯಿ ಇಲಾಖೆಯ 1923ರ ಪ್ರಾಥಮಿಕ ಶಿಕ್ಷಣ ಕಾಯ್ದೆಯು ಶಾಲೆಗಳ ಆಡಳಿತವನ್ನು ಜಿಲ್ಲಾ ಲೋಕಲ್ ಬೋರ್ಡುಗಳಿಗೂ ದೊಡ್ಡ ಮುನಿಸಿಪಾಲಿಟಿಗಳಿಗೂ ವಹಿಸಿತ್ತು. ಇದರಿಂದ ಮಾಸ್ತರನಿಗೆ ಒಬ್ಬ ಧಣಿಯ ಬದಲು ಇಬ್ಬರಾದರು. ಅನುದಾನ ಸರಕಾರದ್ದು, ಆಡಳಿತ ಬೋರ್ಡಿನದು. ಬೋರ್ಡಿನ ಮೆಂಬರರಲ್ಲಿ ಊರ ಗೌಡರೂ ಸಾವುಕಾರರೂ ಇದ್ದುದರಿಂದ ಮಾಸ್ತರನ ವರ್ಗಾವಣೆ ಸ್ಥಳೀಯ ರಾಜಕಾರಣದ ಆಟದ ಕಾಯಿಯಾಯಿತು. ಗೌಡರ ಮಗನನ್ನು ಗದರಿಸಿದವನು ಇಂಡಿಯಿಂದ ಮುದ್ದೇಬಿಹಾಳದ ಮೂಲೆಗೆ ಗಂಟುಮೂಟೆ ಕಟ್ಟಬೇಕಾಗಿ ಬರುವುದು ಅಸಂಭವವೇನೂ ಆಗಿರಲಿಲ್ಲ. ಹಾಗಿದ್ದೂ ಈ ಸೀಮೆಯ ಬಡ ಓದಾಳಿಗಳು ಮಾಡಿದ ಕೆಲಸ ಚಿಕ್ಕದಲ್ಲ. ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ ಮಧುರಚೆನ್ನರೂ ಅವರ ಗೆಳೆಯರೂ ಕೂಡಿ ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಬರೆದುಕೊಂಡು 1931ರಲ್ಲಿ ಗರತಿಯ ಹಾಡು ಸಂಕಲನವನ್ನು ಹೊರತಂದರು. ಆ ಬಳಗದ ಸಿಂಪಿ ಲಿಂಗಣ್ಣನವರು ಚಡಚಣದವರು, ವೃತ್ತಿಯಿಂದ ಪ್ರಾಥಮಿಕ ಶಾಲೆಯ ಮಾಸ್ತರರು. ಕನ್ನಡ ಜಾನಪದ ಅಧ್ಯಯನದ ಅಡಿಗಲ್ಲುಗಳಲ್ಲೊಂದನ್ನು ಇಟ್ಟದ್ದು ಯಾವ ವಿಶ್ವವಿದ್ಯಾಲಯವೂ ಅಲ್ಲ. ಶಾಲೆ ಬಿಟ್ಟ ಮೇಲೆ ದೊರೆತ ಬಿಡುವಿನಲ್ಲಿ ದುಡಿದ ಇಂಥವರು.

ಆಲಮಟ್ಟಿಯ ವಿದ್ಯಾಲಯದಲ್ಲಿ ಮಂಜಪ್ಪನವರು ಹಾಕಿಕೊಂಡ ಕ್ರಮ ಬೇರೆಯದೇ. ಅಕ್ಷರದೊಂದಿಗೆ ನೂಲು, ನೂಲಿನೊಂದಿಗೆ ಪ್ರಾರ್ಥನೆ, ಪ್ರಾರ್ಥನೆಯೊಂದಿಗೆ ಮೈಮುರಿದು ದುಡಿಯುವ ರೂಢಿ. ಗುರು ಶಿಷ್ಯರು ಒಂದೆಡೆ ವಾಸಿಸುವ ಆಶ್ರಮದ ಪದ್ಧತಿ. ಅಲ್ಲಿಂದಲೇ ಅವರು ಬಸವಣ್ಣನವರ ಕುರಿತು, ಗಾಂಧೀಜಿಯವರ ಕುರಿತು, ಶೀಲ ಸಂಯಮಗಳ ಕುರಿತು ಸಾಲುಸಾಲು ಪುಸ್ತಕಗಳನ್ನು ಬರೆದರು. ಶರಣ ಸಂದೇಶ ಪತ್ರಿಕೆಯನ್ನು ನಡೆಸಿದರು. ಅದೇ ದಿನಗಳಲ್ಲಿ ವಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು ವಕೀಲಿಯ ಗಳಿಕೆಯನ್ನೆಲ್ಲ ವಚನಗಳ ಮುದ್ರಣಕ್ಕೆ ಸುರಿದು, ಹರಕು ಕೋಟಿನಲ್ಲಿ ಓಡಾಡುತ್ತಿದ್ದರು. ಒಂದು ಜಿಲ್ಲೆಯಲ್ಲಿ ಇಂಥ ಇಬ್ಬರು ಒಂದೇ ಕಾಲದಲ್ಲಿ ದುಡಿದದ್ದು ಈ ಬರದ ನಾಡಿನ ಭಾಗ್ಯವೆನ್ನಬೇಕು.

ಆದರೆ ಇಲ್ಲಿಯೇ ಒಂದು ಕಠಿಣ ಪ್ರಶ್ನೆ ಏಳುತ್ತದೆ. ಮಂಜಪ್ಪನವರಿಗೆ ಹೆಂಡತಿ ಮಕ್ಕಳಿರಲಿಲ್ಲ. ಎರಡು ಹೊತ್ತಿನ ರೊಟ್ಟಿ, ಮೈಮೇಲೊಂದು ಖಾದಿಯ ಬಟ್ಟೆ ಸಿಕ್ಕರೆ ಅವರ ಅಗತ್ಯ ಮುಗಿಯಿತು. ಊರಿನ ದಾನಿಗಳು ವಿದ್ಯಾಲಯದ ಕೈ ಹಿಡಿಯುತ್ತಿದ್ದರು. ವ್ರತವನ್ನು ಸಂಬಳದ ಜಾಗದಲ್ಲಿ ಇಡಲು ಅವರಿಗೆ ಸಾಧ್ಯವಾಯಿತು. ತಂಗಿಯ ಮದುವೆ ಮಾಡಬೇಕಾದ, ಮುದಿ ತಾಯಿಗೆ ಔಷಧ ತರಬೇಕಾದ, ನಾಲ್ಕು ಮಕ್ಕಳನ್ನು ಸಾಕಬೇಕಾದ ಸಿಂದಗಿಯ ಹಳ್ಳಿಯೊಂದರ ಮಾಸ್ತರನಿಗೆ ಅದು ಸಾಧ್ಯವೇ? ಒಬ್ಬ ಸಂತನಿಂದ ಒಂದು ಶಾಲೆ ನಡೆದೀತು. ಒಂದು ಜಿಲ್ಲೆಯ ನೂರಾರು ಶಾಲೆಗಳಿಗೆ ನೂರಾರು ಸಂತರನ್ನು ಎಲ್ಲಿಂದ ತರುವುದು?

ಗಾಂಧೀಜಿಯವರೇ ಈ ಪ್ರಶ್ನೆಯನ್ನು ಎದುರಿಸಬೇಕಾಯಿತು. 1937ರಲ್ಲಿ ವಾರ್ಧಾದಲ್ಲಿ ಮೂಲಶಿಕ್ಷಣದ ಯೋಜನೆಯನ್ನು ಮುಂದಿಟ್ಟಾಗ, ಮಕ್ಕಳ ಕೈಕಸುಬಿನ ಉತ್ಪನ್ನದಿಂದಲೇ ಶಿಕ್ಷಕನ ವೇತನ ಹುಟ್ಟಬೇಕೆಂಬುದು ಅವರ ಅಪೇಕ್ಷೆಯಾಗಿತ್ತು. ಯೋಜನೆಯ ವಿವರ ರೂಪಿಸಿದ ಜಾಕಿರ್ ಹುಸೇನ್ ಸಮಿತಿಯು ಶಿಕ್ಷಕನ ಸಂಬಳ ತಿಂಗಳಿಗೆ 25 ರೂಪಾಯಿ ಇರಲಿ, ಯಾವ ಕಾರಣಕ್ಕೂ 20ಕ್ಕಿಂತ ಇಳಿಯದಿರಲಿ ಎಂದು ಸೂಚಿಸಿತು. ನೂಲುವ ಮಕ್ಕಳ ಕೈಯಿಂದ ಅಷ್ಟು ಹಣ ಹುಟ್ಟುವುದು ಕಷ್ಟವೆಂಬುದು ಬೇಗನೆ ಗೊತ್ತಾಯಿತು. ಮಕ್ಕಳ ದುಡಿಮೆಯಿಂದ ಮಾಸ್ತರನ ಹೊಟ್ಟೆ ತುಂಬಬೇಕೇ ಎಂದು ಆಕ್ಷೇಪಿಸಿದವರೂ ಇದ್ದರು. 1944ರ ಸಾರ್ಜೆಂಟ್ ವರದಿಯು ಪ್ರಾಥಮಿಕ ಶಿಕ್ಷಕನ ಆರಂಭದ ವೇತನವನ್ನು 30 ರೂಪಾಯಿಗೆ ಏರಿಸಬೇಕೆಂದಿತು. ಶಿರಸಿಯ ಏಳು ರೂಪಾಯಿಯಿಂದ ಕಾಗದದ ಮೇಲಿನ ಈ ಮೂವತ್ತಕ್ಕೆ ಬರಲು ನಾಲ್ಕು ದಶಕಗಳೇ ಬೇಕಾದವು. ಅಷ್ಟರಲ್ಲಿ ಎರಡು ಮಹಾಯುದ್ಧಗಳ ಬೆಲೆಯೇರಿಕೆ ಆ ಮೂವತ್ತನ್ನೂ ಅರ್ಧ ತಿಂದಾಗಿತ್ತು.

ಮಂಜಪ್ಪನವರ ಬಾಳನ್ನು ಶಿಕ್ಷಕರ ದಿನಾಚರಣೆಯ ವೇದಿಕೆಗಳಲ್ಲಿ ಬಳಸಿಕೊಳ್ಳುವ ಬಗೆಯೂ ಯೋಚಿಸತಕ್ಕದ್ದು. ಸಂಬಳದ ಆಸೆಯಿಲ್ಲದೆ ದುಡಿದ ಗುರುವನ್ನು ಕೊಂಡಾಡಿ, ಅದೇ ಉಸಿರಿನಲ್ಲಿ ಇಂದಿನ ಶಿಕ್ಷಕರು ಸಂಬಳಕ್ಕಾಗಿ ಬೀದಿಗಿಳಿಯುತ್ತಾರೆಂದು ಕೊರಗುವ ಭಾಷಣಗಳು ವಾಡಿಕೆಯಾಗಿವೆ. ಇದು ಅವರ ಜೀವನವನ್ನು ತಲೆಕೆಳಗಾಗಿ ಓದಿದಂತೆ. ಅವರು ಏಳು ರೂಪಾಯಿಯನ್ನು ಬಿಟ್ಟದ್ದು ಮಾಸ್ತರನು ಉಪವಾಸವಿರಬೇಕೆಂದಲ್ಲ. ಮಾಸ್ತರನು ಬಾಯಿ ಮುಚ್ಚಿಕೊಂಡಿರಬೇಕೆಂಬ ಷರತ್ತನ್ನು ಒಪ್ಪಲಾರದೆ. ಕಾಯಕವನ್ನು ಪೂಜಿಸಿದವನು ಕಾಯಕದ ಕೂಲಿಯನ್ನು ಹೀಗಳೆಯಲಾರ. ಶರಣರ ಪರಂಪರೆಯಲ್ಲಿ ದುಡಿಮೆಗೂ ದಾಸೋಹಕ್ಕೂ ನಂಟಿದೆಯೇ ಹೊರತು ದುಡಿಮೆಗೂ ಹಸಿವಿಗೂ ಅಲ್ಲ.

1947ರ ಜನವರಿ 3ರಂದು, ಅರವತ್ತೊಂದು ತುಂಬಲು ತಿಂಗಳೂವರೆ ಇರುವಾಗ, ಮಂಜಪ್ಪನವರು ತೀರಿಕೊಂಡರು. ಸ್ವಾತಂತ್ರ್ಯಕ್ಕೆ ಏಳು ತಿಂಗಳು ಬಾಕಿಯಿತ್ತು. ಅವರ ಮರಣದ ವರ್ಷವೇ ಎರಡು ಶಾಸನಗಳು ಬಂದವು. ಒಂದು, ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯ್ದೆ. ಲೋಕಲ್ ಬೋರ್ಡಿನ ಹಿಡಿತದಲ್ಲಿದ್ದ ಶಾಲೆಗಳು ಜಿಲ್ಲಾ ಸ್ಕೂಲ್ ಬೋರ್ಡುಗಳಿಗೆ ಬಂದವು. ಇನ್ನೊಂದು, ಇಡೀ ದೇಶಕ್ಕೆ ಅನ್ವಯಿಸಿದ ಕೈಗಾರಿಕಾ ವಿವಾದ ಕಾಯ್ದೆ. ಕಾರ್ಮಿಕರು ಸಂಘ ಕಟ್ಟಿ ಎತ್ತಿದ ಬೇಡಿಕೆಗಳಿಗೆ ಅದು ಸಂಧಾನದ, ನ್ಯಾಯಮಂಡಳಿಯ ದಾರಿಯನ್ನು ತೋರಿತು. ಶಿಕ್ಷಕನು ಈ ಎರಡನೆಯ ಬಾಗಿಲಿನ ಹೊರಗೆ ಉಳಿದ. ಗೋವೆಯ ಶಾಲೆಯೊಂದರ ಶಿಕ್ಷಕಿಯ ಪ್ರಕರಣದಲ್ಲಿ 1988ರಲ್ಲಿ ಸುಪ್ರೀಂ ಕೋರ್ಟು, ಬೋಧನೆ ಉದಾತ್ತ ವೃತ್ತಿಯಾದುದರಿಂದ ಶಿಕ್ಷಕರು ಆ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲವೆಂದು ತೀರ್ಪಿತ್ತಿತು. ತಮಿಳುನಾಡಿನ ಸರಕಾರಿ ನೌಕರರ ಮುಷ್ಕರದ ಪ್ರಕರಣದಲ್ಲಿ 2003ರಲ್ಲಿ ಅದೇ ನ್ಯಾಯಾಲಯ, ಸರಕಾರಿ ನೌಕರರಿಗೆ ಮುಷ್ಕರ ಹೂಡುವ ಹಕ್ಕಿಲ್ಲವೆಂದು ಹೇಳಿತು. ಸಂಘ ಕಟ್ಟುವ ಹಕ್ಕು ಸಂವಿಧಾನದಲ್ಲಿದೆ. ಆ ಸಂಘ ಕೈಯಲ್ಲಿ ಹಿಡಿಯಬಹುದಾದ ಆಯುಧ ಮಾತ್ರ ಮನವಿಪತ್ರವೇ.

ವಿಧಾನ ಪರಿಷತ್ತಿನಲ್ಲಿ ಶಿಕ್ಷಕರಿಗಾಗಿ ಕ್ಷೇತ್ರಗಳಿವೆಯಲ್ಲ ಎಂದು ಕೇಳಬಹುದು. ಕರ್ನಾಟಕದ 75 ಸ್ಥಾನಗಳಲ್ಲಿ ಏಳು ಶಿಕ್ಷಕರವು. ಆದರೆ ಸಂವಿಧಾನದ 171ನೆಯ ಅನುಚ್ಛೇದದ ಪ್ರಕಾರ ಅಲ್ಲಿ ಮತ ಹಾಕುವವರು ಮಾಧ್ಯಮಿಕ ಹಂತಕ್ಕಿಂತ ಕೆಳಗಿಲ್ಲದ ಸಂಸ್ಥೆಗಳ ಶಿಕ್ಷಕರು ಮಾತ್ರ. ಒಂದನೆಯ ಇಯತ್ತೆಯ ಮಗುವಿನ ಕೈಹಿಡಿದು ಅಕ್ಷರ ತಿದ್ದಿಸುವ ಇಂಡಿಯ, ಮುದ್ದೇಬಿಹಾಳದ ಪ್ರಾಥಮಿಕ ಶಾಲೆಯ ಮಾಸ್ತರನಿಗೆ ಆ ಮತವಿಲ್ಲ. ಮಂಜಪ್ಪನವರು ಶಿರಸಿಯಲ್ಲಿಯೇ ಉಳಿದು, ಇಂದಿನ ಕಾಲದವರಾಗಿದ್ದರೂ ಅವರಿಗೂ ಇರುತ್ತಿರಲಿಲ್ಲ.

1956ರಲ್ಲಿ ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಸ್ಕೂಲ್ ಬೋರ್ಡಿನ ಮಾಸ್ತರರು ಕಾಲಕ್ರಮದಲ್ಲಿ ರಾಜ್ಯ ಸರಕಾರದ ನೌಕರರಾದರು. ವೇತನ ಆಯೋಗ, ತುಟ್ಟಿಭತ್ಯೆ, ನಿವೃತ್ತಿ ವೇತನಗಳು ಅವರ ಪಾಲಿಗೂ ಬಂದವು. 2006ರ ಏಪ್ರಿಲ್ 1ರ ನಂತರ ಸೇವೆಗೆ ಸೇರಿದವರಿಗೆ ಹಳೆಯ ನಿವೃತ್ತಿ ವೇತನ ತಪ್ಪಿ ಹೊಸ ಪಿಂಚಣಿ ಯೋಜನೆ ಬಂತು. ಅದರ ವಿರುದ್ಧ ನೌಕರ ಸಂಘಗಳು ಎತ್ತಿದ ಕೂಗಿನಲ್ಲಿ ಶಿಕ್ಷಕರ ದನಿಯೂ ಜೋರಾಗಿ ಕೇಳಿತು. ಖಾಯಂ ನೌಕರರ ಪಕ್ಕದಲ್ಲಿಯೇ ತಿಂಗಳ ಗೌರವಧನದ ಮೇಲೆ ದುಡಿಯುವ ಅತಿಥಿ ಶಿಕ್ಷಕರಿದ್ದಾರೆ. ಶೈಕ್ಷಣಿಕ ವರ್ಷ ಮುಗಿದೊಡನೆ ಅವರ ಕೆಲಸವೂ ಮುಗಿಯುತ್ತದೆ. ಏಳು ರೂಪಾಯಿಯ ಮೆಟ್ಟಿಲು ಬೇರೆ ಹೆಸರಿನಲ್ಲಿ ಇನ್ನೂ ಇದೆ.

ಆಲಮಟ್ಟಿಯ ರೂಪವೂ ಬದಲಾಯಿತು. 1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಲ್ಲಿ ಕೃಷ್ಣೆಗೆ ಅಣೆಕಟ್ಟಿನ ಅಡಿಗಲ್ಲು ಇಟ್ಟರು. ಕಾಮಗಾರಿ ನಾಲ್ಕು ದಶಕ ಎಳೆಯಿತು. 2006ರ ಆಗಸ್ಟಿನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅದನ್ನು ಲೋಕಾರ್ಪಣೆ ಮಾಡಿದರು. ಹಿನ್ನೀರು ಏರಿದಂತೆ ದಂಡೆಯ ಹಳ್ಳಿಗಳು ಜಾಗ ಬಿಟ್ಟೆದ್ದವು, ಮಂಜಪ್ಪನವರು ನಡೆದಾಡಿದ ಹೊಳೆಯಂಚು ಜಲಾಶಯದ ಪಾಲಾಯಿತು. ಜಿಲ್ಲೆ 2014ರಲ್ಲಿ ವಿಜಯಪುರವಾಯಿತು. ಊರು ಬಾಗೇವಾಡಿ ತಾಲ್ಲೂಕಿನಿಂದ ಹೊಸ ನಿಡಗುಂದಿ ತಾಲ್ಲೂಕಿಗೆ ಸರಿಯಿತು. ಉದ್ಯಾನ ನೋಡಲೆಂದು ಬರುವ ಪ್ರವಾಸಿಗರು ಎಂ. ಎಚ್. ಎಂ. ಎಂಬ ಮೂರಕ್ಷರದ ಶಾಲೆಯ ಫಲಕವನ್ನು ದಾಟಿ ಹೋಗುತ್ತಾರೆ. ಅದರ ಬಿಡಿಸಿದ ರೂಪ ಮಂಜಪ್ಪ ಹರ್ಡೇಕರ ಮೆಮೋರಿಯಲ್.